ವೈಟ್‌ಫೀಲ್ಡಿನ ಜನರನ್ನು ಈ ಸಲವಾದರೂ ಸರಿಯಾಗಿ ಎಣಿಸಿ: ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ನಮಸ್ಕಾರ. ನಾನು ವೈಟ್‌ಫೀಲ್ಡ್ ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ ಟೀಚರ್ ಆಗಿದ್ದು ನಿವೃತ್ತಿಯಾದವಳು. 2011ರ ಜನಗಣತಿಯಲ್ಲಿ ಇಲ್ಲಿನ ಮನೆಮನೆ ಸುತ್ತಿದ್ದೇನೆ. 2027ರ ಫೆಬ್ರವರಿಯ ಎಣಿಕೆಗೆ ಮೊದಲು ನಿಮಗೆ ಒಂದು ವಿಷಯ ಹೇಳಲೇಬೇಕು ಅನ್ನಿಸಿತು.

ಆಗಲೂ ಫೆಬ್ರವರಿ. ಮಧ್ಯಾಹ್ನದ ಬಿಸಿಲು. ಇನ್ನರ್ ಸರ್ಕಲ್ ಹತ್ತಿರ ಒಂದು ಹೆಂಚಿನ ಮನೆ, ಮುಂದೆ ಮಾವಿನ ಮರ. ಎಂಬತ್ತರ ಆಸುಪಾಸಿನ ಅಜ್ಜಿ ಬಾಗಿಲು ತೆಗೆದರು. ಹೂವಿನ ಫ್ರಾಕು, ಕಾಲಲ್ಲಿ ಹವಾಯಿ ಚಪ್ಪಲಿ. "ಬಿಸಿಲಲ್ಲಿ ಬಂದಿದೀಯಾ, ಮೊದ್ಲು ಕೂತ್ಕೊಳಮ್ಮ" ಅಂತ ಕನ್ನಡದಲ್ಲೇ ಹೇಳಿ ಪಾನಕ ಕೊಟ್ಟರು. ಹೆಸರು, ವಯಸ್ಸು, ಧರ್ಮ ಬರೆದುಕೊಂಡೆ. ಮಾತೃಭಾಷೆ ಇಂಗ್ಲಿಷ್. ಬೇರೆ ಯಾವ ಭಾಷೆ ಬರುತ್ತೆ ಅಂದರೆ ಕನ್ನಡ, ತಮಿಳು. ಎಲ್ಲ ಮುಗಿದ ಮೇಲೆ ಅಜ್ಜಿ ಕೇಳಿದರು: "ನಾವು ಆಂಗ್ಲೋ ಇಂಡಿಯನ್ ಅಂತ ಎಲ್ಲಿ ಬರ್ಕೊಂಡೆ? ತೋರ್ಸು."

ಆಂಗ್ಲೋ ಇಂಡಿಯನ್ ಅಂದರೆ ತಂದೆಯ ಕಡೆಯಿಂದ ಯುರೋಪಿನ ಮೂಲ ಇದ್ದು ಇಲ್ಲೇ ನೆಲೆಸಿದ ಮನೆತನದವರು. ಫಾರಂನಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಹಾಗೇ ಹೇಳಿ ಅವರ ಕಡೆಗೆ ತಿರುಗಿಸಿದೆ. ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಒಂದೊಂದೇ ಕಾಲಂ ನೋಡಿದರು. "ಈ ಊರು ಕಟ್ಟಿದ್ದೇ ನಮ್ಮವರು ಕಣಮ್ಮ" ಅಂದರು. ಆಮೇಲೆ ಮಾತಾಡಲಿಲ್ಲ. ನನಗೂ ಏನು ಹೇಳಬೇಕೋ ತೋಚಲಿಲ್ಲ.

ಅಜ್ಜಿ ಹೇಳಿದ್ದು ನಿಜ. 1882ರಲ್ಲಿ ಮೈಸೂರಿನ ಮಹಾರಾಜರು, ಹತ್ತನೇ ಚಾಮರಾಜೇಂದ್ರ ಒಡೆಯರು, ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಇಲ್ಲಿ 3,900 ಎಕರೆ ಜಮೀನು ಕೊಟ್ಟರು. ಆ ಸಂಘದ ವೈಟ್ ಅವರ ಹೆಸರೇ ಊರಿಗೆ ನಿಂತಿತು. ಬೇಸಾಯ ಮಾಡಿಕೊಂಡು ಬದುಕಲಿ ಅಂತ ಕಟ್ಟಿದ ಪುಟ್ಟ ಊರು. ಸುತ್ತ ಕಾಡುಗೋಡಿ, ಹಗದೂರು, ನಲ್ಲೂರಹಳ್ಳಿ, ಪಟ್ಟಂದೂರು ಅಗ್ರಹಾರ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಕುಟುಂಬಗಳು ಈ ಹಳ್ಳಿಗಳಲ್ಲಿ ಎಷ್ಟೋ ಇವೆ. ಐಟಿಪಿಎಲ್ ಅನ್ನೋ ಐಟಿ ಪಾರ್ಕ್ ಬಂದಿದ್ದು ತೊಂಬತ್ತರ ದಶಕದಲ್ಲಿ, ಮೆಟ್ರೋ ಬಂದಿದ್ದು 2023ರಲ್ಲಿ. ಹಾಗಾಗಿ ವೈಟ್‌ಫೀಲ್ಡ್ ಅಂದರೆ ಹೊರಗಿನಿಂದ ಬಂದ ಸಾಫ್ಟ್‌ವೇರ್‌ನವರ ಊರು ಅಂತ ಯಾರಾದರೂ ಅಂದಾಗ ನನಗೆ ಬೇಜಾರಾಗುತ್ತದೆ. ಇದು ಮೊದಲಿನಿಂದಲೂ ಬೆರಕೆ ಊರು. ಬೆರಕೆ ಅನ್ನೋದನ್ನ ನಾನು ಪ್ರೀತಿಯಿಂದಲೇ ಹೇಳುತ್ತಿದ್ದೇನೆ.

ಈಗ ನೋಡಿ. 2019ರ ಡಿಸೆಂಬರಿನಲ್ಲಿ ಸಂಸತ್ತಿನಲ್ಲಿ ಒಂದು ಲೆಕ್ಕ ಕೊಟ್ಟರು. 2011ರ ಗಣತಿಯ ಪ್ರಕಾರ ಇಡೀ ದೇಶದಲ್ಲಿ ಇರುವ ಆಂಗ್ಲೋ ಇಂಡಿಯನ್ನರು ಬರೀ 296 ಜನ ಅಂತ. ಅದನ್ನು ಓದಿ ನನಗೆ ಆ ಅಜ್ಜಿಯ ಬೆರಳು ನೆನಪಾಯಿತು. ಕೇಳದೇ ಇದ್ದವರನ್ನು ಎಣಿಸೋದು ಹೇಗೆ? ಇಂಥ ಮನೆಗಳು ನಾನು ಓಡಾಡಿದ ಬೀದಿಗಳಲ್ಲೇ ಎಷ್ಟೋ ಇದ್ದವು. ಸಂವಿಧಾನದ 366ನೇ ವಿಧಿಯಲ್ಲಿ ಆಂಗ್ಲೋ ಇಂಡಿಯನ್ ಅಂದರೆ ಯಾರು ಅಂತ ಬರೆದಿದೆ. ಗಣತಿಯ ಫಾರಂನಲ್ಲಿ ಮಾತ್ರ ಅವರಿಗೆ ಜಾಗ ಇರಲಿಲ್ಲ. ಆ ಲೆಕ್ಕ ಕೊಟ್ಟ ಮರು ತಿಂಗಳೇ, ಸಂವಿಧಾನದ 104ನೇ ತಿದ್ದುಪಡಿಯಿಂದ, ಲೋಕಸಭೆಯಲ್ಲಿ ಅವರಿಗಿದ್ದ ಎರಡು ನಾಮನಿರ್ದೇಶನದ ಸ್ಥಾನ ಹೋಯಿತು. ನಿಮ್ಮ ವಿಧಾನಸಭೆಯಲ್ಲಿ 224 ಜನರ ಜೊತೆ 225ನೆಯವರಾಗಿ ಕೂರುತ್ತಿದ್ದ ಅವರ ಪ್ರತಿನಿಧಿಯ ಕುರ್ಚಿಯೂ ಹೋಯಿತು. ಆ ಸ್ಥಾನ ಇರಬೇಕಿತ್ತೋ ಬೇಡವೋ, ಅದು ಬೇರೆ ಚರ್ಚೆ. ತಪ್ಪು ಲೆಕ್ಕ ಮುಂದಿಟ್ಟು ಆ ಚರ್ಚೆ ಮಾಡಬಾರದಿತ್ತು.

ಇನ್ನೊಂದು ಮನೆ. ಮನೆಯಲ್ಲ, ಶೆಡ್. ಕಾಡುಗೋಡಿ ಕಡೆ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದ ಸೈಟಿನ ಹಿಂದೆ ನೀಲಿ ಟಾರ್ಪಾಲು. ಯಾದಗಿರಿ ಕಡೆಯ ತಾಂಡಾದಿಂದ ಬಂದ ಹೆಣ್ಣುಮಗಳು ರೊಟ್ಟಿ ಬಡಿಯುತ್ತಿದ್ದಳು. ನನ್ನ ಜೊತೆ ಚೆನ್ನಾಗಿಯೇ ಕನ್ನಡ ಮಾತಾಡಿದಳು. "ನಿಮ್ಮವ್ವ ನಿನ್ನ ಜೊತಿ ಯಾವ ಮಾತಾಡ್ತಿದ್ಳು?" ಅಂದೆ. ಗಣತಿಯಲ್ಲಿ ಮಾತೃಭಾಷೆ ಅಂದರೆ ಅದೇ, ಚಿಕ್ಕವರಿದ್ದಾಗ ತಾಯಿ ಆಡಿದ ಮಾತು. "ನಮ್ಮ ಲಂಬಾಣಿರೀ" ಅಂದಳು. ಹಾಗೇ ಬರೆದೆ. ವರ್ಷಗಳಾದ ಮೇಲೆ ಭಾಷೆಗಳ ಪಟ್ಟಿ ಬಂತು. ಹುಡುಕಿದರೆ ಲಂಬಾಣಿ ಸಿಕ್ಕಿದ್ದು ಹಿಂದಿಯ ಕೆಳಗೆ! ಹಾಗೆ ಹಿಂದಿಯ ಲೆಕ್ಕಕ್ಕೆ ಸೇರಿದ ಲಂಬಾಣಿ ಮಾತಿನವರು ದೇಶದಲ್ಲಿ 32 ಲಕ್ಷಕ್ಕೂ ಜಾಸ್ತಿ. ಆ ಹುಡುಗಿಗೆ ಹಿಂದಿ ಬರುತ್ತಲೇ ಇರಲಿಲ್ಲ.

ಬೆಂಗಳೂರಿನಲ್ಲಿ ಕನ್ನಡ ಮಾತೃಭಾಷೆಯವರು ಅರ್ಧಕ್ಕಿಂತ ಕಮ್ಮಿ ಅಂತ 2011ರ ಲೆಕ್ಕ ಹೇಳುತ್ತದೆ. ನನಗೂ ಅದು ಚುಚ್ಚುತ್ತದೆ. ನಾನು ಕನ್ನಡ ಮೇಡಮ್ಮು. ಆದರೆ ಆ ಅಜ್ಜಿಗೂ ಕನ್ನಡ ಬರುತ್ತಿತ್ತು, ಈ ಹುಡುಗಿಗೂ ಬರುತ್ತಿತ್ತು. "ಬೇರೆ ಯಾವ ಭಾಷೆ ಬರುತ್ತೆ" ಅನ್ನೋ ಪ್ರಶ್ನೆ ಇರೋದೇ ಅದಕ್ಕೆ. ಅವಸರದಲ್ಲಿ ಅದನ್ನು ಹಾರಿಸಿದರೆ ಕನ್ನಡಕ್ಕೇ ನಷ್ಟ ಅಲ್ವಾ?

ಈ ಸಲ ಎಣಿಕೆ ಮೊಬೈಲಿನಲ್ಲಿ. ಎಲ್ಲರ ಜಾತಿಯನ್ನೂ ಕೇಳುತ್ತಾರೆ. ಆ ಅಜ್ಜಿಯಂಥವರು "ಆಂಗ್ಲೋ ಇಂಡಿಯನ್" ಅಂದರೆ ಅದೇ ಮಾತು ದಾಖಲಾಗಬೇಕು. ಲಂಬಾಣಿ ಲಂಬಾಣಿಯಾಗಿಯೇ ಪಟ್ಟಿಗೆ ಬರಬೇಕು. ಇದಕ್ಕಾಗಿ ನೀವು ಗಣತಿ ಇಲಾಖೆಗೆ ಬರೆಯಬೇಕು, ಸದನದಲ್ಲಿಯೂ ಕೇಳಬೇಕು. ಈಗಲೇ ಕೇಳಿ. ಪಟ್ಟಿ ಬಂದ ಮೇಲೆ ಕೇಳಿ ಏನೂ ಪ್ರಯೋಜನವಿಲ್ಲ.

ಶೆಡ್‌ಗಳಿಗೂ ನೀವೇ ಒಂದು ಸಲ ಬನ್ನಿ. ಅಲ್ಲಿ ಈಗ ಬಂಗಾಳ, ಅಸ್ಸಾಂ ಕಡೆಯವರೂ ಇದ್ದಾರೆ. ಬಂಗಾಳಿ ಅಂದರೆ ಎಲ್ಲಿ ಬಾಂಗ್ಲಾದೇಶದವರು ಅಂದುಬಿಡುತ್ತಾರೋ ಅಂತ ಹೆದರಿ, ಕೇಳಿದ ತಕ್ಷಣ "ಹಿಂದಿ" ಅಂತಾರೆ. 1948ರ ಜನಗಣತಿ ಕಾಯ್ದೆ ಪ್ರಕಾರ ಮನೆಯವರು ಕೊಟ್ಟ ವಿವರವನ್ನು ಬೇರೆ ಯಾರೂ ತೆಗೆದು ನೋಡುವಂತಿಲ್ಲ, ಕೋರ್ಟಿನಲ್ಲಿ ಸಾಕ್ಷಿಯಾಗಿ ಹಿಡಿಯುವಂತಿಲ್ಲ. ಟೀಚರ್ ಹೇಳಿದರೆ ಅವರು ನಂಬುವುದಿಲ್ಲ. ಶಾಸಕರು ಬಂದು ನಿಂತು ಹೇಳಿದರೆ ನಂಬುತ್ತಾರೆ.

ಎಣಿಕೆಗೆ ಹೋಗುವ ಟೀಚರ್‌ಗಳ ಜೊತೆ ನನಗೆ ಒಂದು ಮಧ್ಯಾಹ್ನ ಕೊಡಿಸಿ. ತರಬೇತಿಯಲ್ಲಿ ಮೊಬೈಲ್ ಒತ್ತೋದು ಹೇಳಿಕೊಡುತ್ತಾರೆ. ಹೊಸ್ತಿಲಲ್ಲಿ ನಿಂತು ಕೇಳೋದು ಹೇಗೆ ಅಂತ ನಾನು ಹೇಳಿಕೊಡುತ್ತೇನೆ. ಶಾಲೆ ಯಾವುದು, ದಿನ ಯಾವುದು ಅಂತ ನಿಮ್ಮ ಕಚೇರಿಯಿಂದ ತಿಳಿಸಿದರೆ ಸಾಕು, ನಡೆದೇ ಬರುತ್ತೇನೆ.

ಇಂತಿ,
ನಿವೃತ್ತ ಶಿಕ್ಷಕಿ, ವೈಟ್‌ಫೀಲ್ಡ್