ಅಪ್ಪನ ಬೆರಳು ನಡುಗಿದ್ದನ್ನು ಬರೆ

ಗಂಗಾವತಿ

ಪ್ರೀತಿಯ ತಂಗಿ,

ಸಿಂಧನೂರಿನಿಂದ ನೀನು ಕಳಿಸಿದ ಕಥೆಯನ್ನು ಎರಡು ಸಲ ಓದಿದೆ. ಲಂಚ ಮುಟ್ಟದ ಗ್ರಾಮಲೆಕ್ಕಿಗ, ಅವನನ್ನು ದೇವರ ಹಾಗೆ ನೋಡುವ ಮಗಳು. ಎಡದಂಡೆ ಕಾಲುವೆಗೆ ನೀರು ಬಿಟ್ಟ ದಿನವನ್ನು ಬರೆದಿದ್ದೀಯಲ್ಲ, ಓದುತ್ತಾ ನಮ್ಮೂರ ಕಾಲುವೆಯೇ ಕಣ್ಣಮುಂದೆ ಬಂತು. ಆದರೆ ಆ ಅಪ್ಪ ಮಾತ್ರ ನನಗೆ ಕಾಣಲಿಲ್ಲ. ಮೂರು ಕಡೆ ಭಾಷಣ ಮಾಡುತ್ತಾನೆ, ಮೂರು ಕಡೆಯೂ ಗೆಲ್ಲುತ್ತಾನೆ. ಅವನು ಒಳ್ಳೆಯವನು ಅಂತ ನೀನು ಹೇಳಿದ್ದಕ್ಕೆ ನಾನು ನಂಬಬೇಕಾಯಿತು.

ಅಮೆರಿಕದ ಹಾರ್ಪರ್ ಲೀ ಬರೆದ, 1960ರಲ್ಲಿ ಪ್ರಕಟವಾದ ಕಾದಂಬರಿ 'ಟು ಕಿಲ್ ಎ ಮಾಕಿಂಗ್‌ಬರ್ಡ್' ನಿನಗೆ ಇಷ್ಟ ಅಂದಿದ್ದೆ. ಇನ್ನೊಮ್ಮೆ ಓದು. ಈ ಸಲ ವಕೀಲ ಆಟಿಕಸ್‌ನ ಮಾತಿಗೆ ಜಾಸ್ತಿ ಕಿವಿ ಕೊಡಬೇಡ, ಮಗಳು ಸ್ಕೌಟ್‌ಳ ಕಣ್ಣಿನ ಹಿಂದೆ ಹೋಗು. ಮಾಡದ ತಪ್ಪಿಗೆ ಜೈಲು ಸೇರಿದ ಕಪ್ಪು ಜನಾಂಗದ ಟಾಮ್ ರಾಬಿನ್‌ಸನ್‌ನನ್ನು ಮುಗಿಸಲು ರಾತ್ರಿ ಜನ ಬರುತ್ತಾರೆ. ಆಟಿಕಸ್ ಜೈಲಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಉದ್ದನೆಯ ವೈರಿಗೆ ಬಲ್ಬು ಸಿಕ್ಕಿಸಿ, ಪೇಪರ್ ಓದುತ್ತಾ ಕೂತಿದ್ದಾನೆ. ಆ ಗುಂಪಿನೊಂದಿಗೆ ಅವನು ಸಮಾಧಾನವಾಗಿಯೇ ಮಾತಾಡುತ್ತಾನೆ. ಅಷ್ಟರಲ್ಲಿ ಅವನ ಮಕ್ಕಳೇ ಆ ಗುಂಪಿನ ನಡುವೆ ನುಗ್ಗಿ ಬರುತ್ತಾರೆ. ಅವನು ಮುದುಕನ ಹಾಗೆ ಮೆಲ್ಲಗೆ ಏಳುತ್ತಾನೆ. ಪೇಪರ್ ಕೆಳಗಿಟ್ಟು ಅದರ ಮಡಿಕೆ ಸರಿ ಮಾಡುವಾಗ ಬೆರಳುಗಳು ಸಣ್ಣಗೆ ನಡುಗುತ್ತವೆ. ಅದು ಸ್ಕೌಟ್‌ಳ ಕಣ್ಣಿಗೆ ಬೀಳುತ್ತದೆ.

ನನಗೆ ಆ ಕಾದಂಬರಿಯಲ್ಲಿ ಕೋರ್ಟಿನ ಭಾಷಣಕ್ಕಿಂತ ಈ ಬೆರಳು ದೊಡ್ಡದು.

ಟಾಮ್ ಪರವಾಗಿ ಈ ಕೇಸು ಯಾಕೆ ಹಿಡಿದೆ ಅಂತ ಮಗಳು ಕೇಳಿದಾಗ ಅವನು ಏನು ಹೇಳುತ್ತಾನೆ, ನೆನಪಿದೆಯಾ? ಹಿಡಿಯದಿದ್ದರೆ ಊರಲ್ಲಿ ತಲೆ ಎತ್ತೋಕಾಗಲ್ಲ, ನಿಮಗೆ ಇದು ಬೇಡ ಅಂತ ಹೇಳುವ ಮುಖವೂ ನನಗೆ ಉಳಿಯಲ್ಲ ಅನ್ನುತ್ತಾನೆ. ಸೋಲುತ್ತೇನೆ ಅಂತ ಗೊತ್ತಿದ್ದೇ ಹಿಡಿಯುತ್ತಾನೆ, ಸೋಲುತ್ತಾನೆ. ಮಕ್ಕಳು ಶಾಲೆಯಲ್ಲಿ ಬೈಗುಳ ತಿನ್ನುತ್ತಾರೆ. ಕೊನೆಗೆ ಅವರ ಜೀವಕ್ಕೇ ಬರುತ್ತದೆ. ಅಪ್ಪನ ನಿಯತ್ತಿಗೆ ಬೆಲೆ ತೆತ್ತವರು ಮಕ್ಕಳು.

ಇದು ನಮಗೆ ಹೊಸದೇನಲ್ಲ. ನಮ್ಮ ಪಕ್ಕದ ಹಂಪಿಯ ರಾಘವಾಂಕ ನೂರಾರು ವರ್ಷ ಹಿಂದೆಯೇ ಹರಿಶ್ಚಂದ್ರನನ್ನು ಕಾಶಿಯ ಸುಡುಗಾಡಿನಲ್ಲಿ ನಿಲ್ಲಿಸಿದ. ಸತ್ತವನು ಸ್ವಂತ ಮಗ, ಹೊತ್ತು ತಂದವಳು ಹೆಂಡತಿ. ಆದರೂ ಸುಡುವುದಕ್ಕೆ ತೆರಿಗೆ ಕೊಡು ಅನ್ನುತ್ತಾನೆ. ಬಯಲಾಟದಲ್ಲಿ ಆ ಸೀನು ಬಂದಾಗ ನಮ್ಮೂರ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ಹುಡುಗನಾಗಿದ್ದ ನನಗೆ ಮಾತ್ರ ಹರಿಶ್ಚಂದ್ರನ ಮೇಲೆ ಸಿಟ್ಟು ಬರುತ್ತಿತ್ತು. ಆ ಸಿಟ್ಟು ನಿಜವಾದದ್ದು ಅಂತ ಈಗಲೂ ಅನ್ನಿಸುತ್ತದೆ. ನಿನ್ನ ಕಥೆಯ ಮಗಳಿಗೆ ಒಂದು ಸಲವೂ ಅಪ್ಪನ ಮೇಲೆ ಸಿಟ್ಟು ಬರುವುದಿಲ್ಲ, ಯಾಕೆ?

ಯಾರಿಗೂ ಹೇಳದ ಒಂದು ಸಂಗತಿ ನಿನಗೆ ಹೇಳುತ್ತೇನೆ. ನಮ್ಮಪ್ಪ ಭತ್ತದ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಕಾಟಾ ನೋಡಿ ತೂಕ ಬರೆಯುವ ಕೆಲಸ. ಸಂಜೆ ಮನೆಗೆ ಹೊರಡುವ ಮುಂಚೆ ರಾಶಿಯ ಪಕ್ಕ ನಿಂತು ಪಂಚೆಯ ಮಡಿಕೆ ಬಿಚ್ಚಿ ಕೊಡವುತ್ತಿದ್ದರು. ಅದರಲ್ಲಿ ಸಿಕ್ಕಿಕೊಂಡ ನಾಲ್ಕು ಕಾಳು ಭತ್ತವೂ ರಾಶಿಗೇ ಬೀಳಬೇಕು. ಮನೆಯಲ್ಲಿ ನಾವು ನುಚ್ಚು ಉಣ್ಣುತ್ತಿದ್ದೆವು.

ಅಕ್ಕನ ಮದುವೆ ಗೊತ್ತಾಯಿತು. ಅಪ್ಪ ಸಾಹುಕಾರರ ಹತ್ತಿರ ಮುಂಗಡ ತಗೊಂಡರು. ಅದಾಗಿ ಸ್ವಲ್ಪ ದಿನಕ್ಕೆ ಬುತ್ತಿ ಕೊಡಲು ಹೋಗಿದ್ದೆ. ಕಾಟಾದ ಮುಳ್ಳು 75 ಕೆಜಿಗೆ ನಿಂತಿತ್ತು. ಅಪ್ಪ ಚೀಟಿಯಲ್ಲಿ 73 ಬರೆದರು. ರೈತ ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಸುಮ್ನೆ ನಿಂತಿದ್ದ. ಅವನಿಗೆ ಓದಲು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ಅಪ್ಪ ತಲೆ ಎತ್ತಿ ನನ್ನನ್ನು ನೋಡಿದರು, ಬುತ್ತಿ ತಗೊಂಡರು, ಮನೆಗೆ ಹೋಗು ಅಂದರು.

ಆ ಸಂಜೆಯೂ ಅಪ್ಪ ಪಂಚೆ ಕೊಡವಿದರು. ನಾನು ಗೇಟಿನ ಹತ್ತಿರ ನಿಂತು ನೋಡುತ್ತಿದ್ದೆ. ಬಹಳ ಹೊತ್ತು ಕೊಡವಿದರು.

ಆಟಿಕಸ್‌ಗೆ ಮಕ್ಕಳ ಮುಖ ನೋಡಬೇಕಿತ್ತು, ಅದಕ್ಕೇ ನೆಟ್ಟಗೆ ನಿಂತ. ನಮ್ಮಪ್ಪ ಮಗಳ ಮದುವೆಗಾಗಿ ಬಾಗಿದರು. ಇಬ್ಬರೂ ಅಪ್ಪಂದಿರೇ ಅಲ್ವಾ? ಆಟಿಕಸ್ ಕೂಡ ಕೊನೆಯಲ್ಲಿ ಒಂದು ಸುಳ್ಳಿಗೆ ಒಪ್ಪಿಕೊಳ್ಳುತ್ತಾನೆ, ತನ್ನ ಮಕ್ಕಳ ಮೇಲೆ ಬಿದ್ದವನನ್ನು ಕೊಂದು ಅವರ ಜೀವ ಉಳಿಸಿದ ನೆರೆಮನೆಯ ಬೂ ರಾಡ್ಲಿಗಾಗಿ. ಕೊಂದವನು ಮಗ ಜೆಮ್ ಅಂದುಕೊಂಡಿದ್ದಾಗ ಮಾತ್ರ, ಮುಚ್ಚಿಡುವುದು ಬೇಡ ಅಂತ ಹಟ ಹಿಡಿದಿದ್ದ. ಆ ಪುಟಗಳನ್ನು ನಿಧಾನವಾಗಿ ಓದು.

ಆಮೇಲೆ ನಿನ್ನ ಗ್ರಾಮಲೆಕ್ಕಿಗನ ಮನೆಗೆ ವಾಪಸ್ ಹೋಗು. ಮೂರೂ ಭಾಷಣ ತೆಗೆದುಹಾಕು. ಲಂಚ ಬೇಡ ಅಂದು ಬಂದ ರಾತ್ರಿ ಆ ಮನೆಯ ಅಡುಗೆಮನೆಯಲ್ಲಿ ಏನಿತ್ತು, ಏನಿರಲಿಲ್ಲ? ಹೆಂಡತಿ ಏನಂದಳು? ಮಗಳ ಫೀಸು ಕಟ್ಟಿದ್ದರಾ? ಅವನು ಒಂದು ಸಲವಾದರೂ ಬಾಗಿದ್ದನಾ, ಅದನ್ನು ಮಗಳು ನೋಡಿದ್ದಳಾ? ಆ ಮಗಳಿಗೆ ಎಲ್ಲ ಗೊತ್ತು. ಅವಳನ್ನು ಕೇಳು.

ತಿದ್ದಿದ ಮೇಲೆ ಕಳಿಸು. ಅವಸರ ಬೇಡ, ಸುಗ್ಗಿ ಮುಗಿದ ಮೇಲೆ ಕಳಿಸಿದರೂ ಆಯಿತು. ನಾನು ಕಾಯುತ್ತಿರುತ್ತೇನೆ.

ನಿನ್ನ ಅಣ್ಣ