ಸ್ವಂತ ಖರ್ಚಿನ ಒಪೆರಾ

ಚಿ. ಮಗಳೇ,

ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ನೀನು ಸ್ವರ ಹಾಕಿದ ಗೀತನಾಟಕವನ್ನು ಸಂಘಟಕರು ತೆರೆದೂ ನೋಡದೆ ಹಿಂದಿರುಗಿಸಿದರೆಂದೂ, ಇನ್ನು ಮಕ್ಕಳಿಗೆ ಪಿಯಾನೊ ಪಾಠ ಹೇಳಿಕೊಂಡು ಇದ್ದುಬಿಡುವೆನೆಂದೂ ಬರೆದಿದ್ದೀಯೆ. ಪಾಠ ಹೇಳುವುದು ಕೀಳಲ್ಲ; ಆದರೆ ಅದು ಮುನಿಸಿನಿಂದ ಹಿಡಿಯುವ ಕೆಲಸವೂ ಅಲ್ಲ. ನಿನ್ನ ಪತ್ರ ಓದುತ್ತಿದ್ದಂತೆ ಹತ್ತೊಂಬತ್ತನೆಯ ಶತಮಾನದಲ್ಲಿ ಸಂಗೀತ ರಚಿಸಿದ ಇಟಲಿಯ ಕಾರ್ಲೊಟ್ಟಾ ಫೆರಾರಿ ನೆನಪಾದಳು.

ಆಕೆ ಮಿಲಾನಿಗೆ ಹತ್ತಿರದ ಲೋಡಿ ಊರಿನವಳು. ಮಿಲಾನಿನ ಸಂಗೀತ ವಿದ್ಯಾಲಯದಲ್ಲಿ ಪಿಯಾನೊ, ಹಾಡುಗಾರಿಕೆಗಳ ಜೊತೆಗೆ ಆಲ್ಬೆರ್ತೊ ಮಾತ್ಸುಕಾತೊ ಅವರಲ್ಲಿ ಸಂಗೀತ ರಚನೆಯನ್ನೂ ಕಲಿತಳು. ಪಿಯಾನೊ ನುಡಿಸುವ ಹೆಣ್ಣನ್ನು ಅಂದಿನವರು ಮೆಚ್ಚುತ್ತಿದ್ದರು; ಇಡೀ ವಾದ್ಯಮೇಳಕ್ಕೆ ಸ್ವರ ಬರೆಯುವ ಹೆಣ್ಣನ್ನು ನಂಬಿ ಹಣ ಹಾಕಲು ಮಾತ್ರ ನಾಟಕಶಾಲೆಯವರು ಮುಂದೆ ಬರಲಿಲ್ಲ. ಆಗ ಆಕೆ ತನ್ನ ಮೊದಲ ಒಪೆರಾ (ಅಲ್ಲಿನವರ ಗೀತನಾಟಕ) ‘ಉಗೊ’ವನ್ನು 1857ರಲ್ಲಿ ಮಿಲಾನಿನಲ್ಲಿ ಸ್ವಂತ ಖರ್ಚಿನಿಂದಲೇ ರಂಗಕ್ಕೆ ತಂದಳು. ಒಪೆರಾ ಎಂದರೆ ಒಬ್ಬರು ಕುಳಿತು ನುಡಿಸಿ ಏಳುವ ಕಚೇರಿಯಲ್ಲ. ಪಿಟೀಲಿನವನಿಗೊಂದು, ಕೊಳಲಿನವನಿಗೊಂದು ಎಂದು ಸ್ವರಹಾಳೆಗಳನ್ನು ಕೈಯಲ್ಲೇ ನಕಲು ಮಾಡಿಸಬೇಕಾಗಿದ್ದ ಕಾಲವದು. ಗಾಯಕರಿಗೆ, ಉಡುಪಿಗೆ, ದೀಪಕ್ಕೆ ಬೇರೆಯೇ ಎಣಿಸಿಕೊಡಬೇಕು.

ಜನ ಮೆಚ್ಚಿದರು. 1866ರಲ್ಲಿ ‘ಸೋಫಿಯಾ’ ತವರೂರಿನಲ್ಲೇ ರಂಗವೇರಿತು. ದಿವಂಗತ ರಾಜ ಕಾರ್ಲೊ ಆಲ್ಬೆರ್ತೊನ ಸ್ಮರಣೆಗೆ ರಿಕ್ವಿಯಮ್, ಎಂದರೆ ಸತ್ತವರ ಶಾಂತಿಗಾಗಿ ಚರ್ಚಿನಲ್ಲಿ ಹಾಡುವ ಸಂಗೀತ, ಬರೆದುಕೊಡಬೇಕೆಂದು ಟುರಿನ್ ನಗರದಿಂದ ಕೇಳಿಕೆ ಬಂತು. ನನಗೆ ಹೆಚ್ಚು ಪ್ರಿಯವಾದದ್ದು 1871ರ ‘ಎಲಿಯೊನೋರಾ ದಾರ್ಬೊರೆಯಾ’. 14ನೆಯ ಶತಮಾನದಲ್ಲಿ ಸಾರ್ಡೀನಿಯಾ ದ್ವೀಪದಲ್ಲಿ ಆಳಿ, ಕಾನೂನು ಸಂಹಿತೆ ಹೊರಡಿಸಿದ ಹೆಣ್ಣಿನ ಕಥೆಯನ್ನು ಆಕೆ ಅದೇ ದ್ವೀಪದ ಕಾಲ್ಯಾರಿಯಲ್ಲಿ ಹಾಡಿಸಿದಳು. ಒಪೆರಾಗಳ ಮಾತನ್ನೂ ತಾನೇ ಬರೆಯುತ್ತಿದ್ದಳು; ಕವಿಗಾಗಿ ಕಾಯುವ ಗೋಜಿಲ್ಲ! ಇಂದು ಅವನ್ನು ಆಡಿಸುವವರು ಅಪರೂಪವೆಂಬುದನ್ನು ನಿನ್ನಿಂದ ಮುಚ್ಚಿಡಲಾರೆ. ಆದರೂ 1857ರಲ್ಲಿ ಕೇಳಬೇಕಾದವರು ಕೇಳಿದರು.

ನನ್ನ ಸ್ವರಪುಸ್ತಕವನ್ನು ನೀನು ನೋಡಿದ್ದೀಯೆ. ಹೆಂಗಸರಿಗೇಕೆ ರಚನೆ ಎಂದು ಒಬ್ಬರು ಅಂದರೆಂದು ಟ್ರಂಕಿನ ತಳಕ್ಕೆ ಸೇರಿಸಿದೆ. ಅಂಚನ್ನೆಲ್ಲ ಗೆದ್ದಲು ತಿಂದಿದೆ. ಕಚೇರಿ ಏರ್ಪಡಿಸಲು ಹಣವಿರಲಿಲ್ಲವೆಂದು ಇಷ್ಟು ವರ್ಷ ಹೇಳಿಕೊಂಡು ಬಂದೆ. ಆದರೆ ಅದೇ ವರ್ಷ ನಾನು ಒಂದು ಜೊತೆ ಚಿನ್ನದ ಬಳೆ ಮಾಡಿಸಿಕೊಂಡಿದ್ದೆ.

ಸಾಲ ಮಾಡಬೇಡ, ಇಡೀ ನಾಟಕವನ್ನು ಒಮ್ಮೆಗೇ ಆಡಿಸಲೂ ಹೊರಡಬೇಡ. ಮೊದಲ ಅಂಕವೊಂದನ್ನೇ ಆರಿಸಿಕೊ. ದಸರೆಗೆ ಬರುವಾಗ ಸ್ವರಹಾಳೆಗಳ ಜೊತೆಗೆ ಸಭಾಂಗಣದ ಬಾಡಿಗೆ, ವಾದ್ಯದವರ ಸಂಭಾವನೆ, ಮೈಕಿನ ಖರ್ಚುಗಳ ಪಟ್ಟಿಯನ್ನೂ ತಾ. ಬಳೆಗಳು ಇನ್ನೂ ಬೀರುವಿನಲ್ಲೇ ಇವೆ.

ಇತಿ,
ನಿನ್ನ ದೊಡ್ಡಮ್ಮ