ಅಣಕು ಅಧಿವೇಶನದ ಬಗ್ಗೆ ಒಂಬತ್ತನೇ ತರಗತಿ ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಹೋದ ಶನಿವಾರ ಒಂಬತ್ತನೇ ತರಗತಿ ಮಕ್ಕಳು ಅಣಕು ವಿಧಾನಸಭೆ ನಡೆಸಿದ್ದು ನಿಮಗೆಲ್ಲ ಗೊತ್ತೇ ಇದೆ. ಅದರ ಫೋಟೋ ವಾಟ್ಸಾಪ್ ಗ್ರೂಪಿಗೆ ಬಂದ ಮೇಲೆ ಎಷ್ಟು ಚರ್ಚೆ ಆಯಿತು ಅನ್ನುವುದೂ ಗೊತ್ತಿದೆ. ಶಾಲೆಯೊಳಗೆ ರಾಜಕೀಯ ತರುತ್ತಿದ್ದಾರೆ, ಮಕ್ಕಳನ್ನು ಪಾರ್ಟಿ ಪಾರ್ಟಿ ಮಾಡಿ ಕೂರಿಸಿದ್ದಾರೆ, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಇರುವಾಗ ಇದೆಲ್ಲ ಬೇಕಾ ಅಂತ ಬರೆದವರಿದ್ದಾರೆ. ಕೆಲವರು ಶಾಲೆಗೇ ಬಂದು ಮಾತಾಡಿದರು. ಬಂದದ್ದು ಒಳ್ಳೆಯದೇ ಆಯಿತು. ಆದರೆ ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವುದಕ್ಕಿಂತ ಎಲ್ಲರಿಗೂ ಒಂದೇ ಸಲ ಬರೆಯೋಣ ಅಂತ ಈ ಪತ್ರ.

ಮೊದಲೇ ಹೇಳಿಬಿಡುತ್ತೇನೆ, ಅಧಿವೇಶನ ನಿಲ್ಲಿಸುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಯಾಕೆ ಅಂತ ಪೂರ್ತಿ ಓದಿ.

ಆ ದಿನ ಹಾಲ್‌ನಲ್ಲಿ ಯಾವ ಪಕ್ಷದ ಹೆಸರೂ ಇರಲಿಲ್ಲ, ಚಿಹ್ನೆ ಇರಲಿಲ್ಲ, ಬಣ್ಣ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಬೆಸ ಸಂಖ್ಯೆಯವರು ಆಡಳಿತ ಪಕ್ಷ, ಸಮ ಸಂಖ್ಯೆಯವರು ವಿರೋಧ ಪಕ್ಷ. ಇಷ್ಟೇ. ಮುಂದಿನ ಸಲ ಇವರು ಅತ್ತ, ಅವರು ಇತ್ತ. ಒಬ್ಬ ತಾಯಿ ಫೋನ್ ಮಾಡಿ, ನನ್ನ ಮಗಳು ಏನು ತಪ್ಪು ಮಾಡಿದ್ದಳು ಅಂತ ವಿರೋಧ ಪಕ್ಷದ ಕಡೆ ಕೂರಿಸಿದಿರಿ ಅಂತ ಕೇಳಿದರು. ಅಮ್ಮಾ, ಆ ಕಡೆ ಕೂರುವುದು ಶಿಕ್ಷೆ ಅಲ್ಲ. ನಿಜವಾದ ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕರಿಗೆ ಸಂಪುಟ ಸಚಿವರ ದರ್ಜೆ ಕೊಡುತ್ತಾರೆ. ಪ್ರಶ್ನೆ ಕೇಳುವುದೂ ಸರ್ಕಾರ ನಡೆಸುವಷ್ಟೇ ದೊಡ್ಡ ಕೆಲಸ ಅಂತ ಒಪ್ಪಿಕೊಂಡೇ ಅಲ್ವಾ ಆ ಗೌರವ ಕೊಟ್ಟಿರುವುದು? ನಿಮ್ಮ ಮಗಳು ಆ ದಿನ ಕೇಳಿದ ಪ್ರಶ್ನೆಗಳಿಗೆ "ಸಚಿವರು" ಉತ್ತರ ಹುಡುಕಲು ಒದ್ದಾಡಿದರು.

ಮನೆಯಲ್ಲಿ ನೀವು ಯಾರಿಗೆ ಓಟು ಹಾಕುತ್ತೀರಿ ಅಂತ ನಾವು ಯಾವ ಮಗುವನ್ನೂ ಕೇಳಿಲ್ಲ, ಕೇಳುವುದೂ ಇಲ್ಲ. ಈಗಿನ ಯಾವ ನಾಯಕರನ್ನೂ ಹೊಗಳುವ ಹಾಗಿಲ್ಲ, ಬೈಯುವ ಹಾಗಿಲ್ಲ ಅನ್ನುವುದು ಮೊದಲ ದಿನದಿಂದ ಇರುವ ನಿಯಮ. ಶಿಕ್ಷಕರಿಗೂ ಅದೇ ನಿಯಮ. ರಾಜಕೀಯ ಪಕ್ಷ ಬೇರೆ, ರಾಜ್ಯ ಸರ್ಕಾರ ಹೇಗೆ ನಡೆಯುತ್ತದೆ ಅನ್ನುವ ಪಾಠ ಬೇರೆ. ಎರಡನೆಯದು ಒಂಬತ್ತನೇ ತರಗತಿ ಸಮಾಜ ವಿಜ್ಞಾನದಲ್ಲೇ ಇದೆ. ನಾವು ಹೊಸದಾಗಿ ತಂದದ್ದಲ್ಲ.

ಆ ದಿನ ಏನಾಯಿತು ಅಂತ ಫೋಟೋದಲ್ಲಿ ಗೊತ್ತಾಗುವುದಿಲ್ಲ, ಅದಕ್ಕೆ ಸ್ವಲ್ಪ ಹೇಳುತ್ತೇನೆ. ಶಾಲೆ ಬಿಟ್ಟ ಮೇಲೂ ಒಂದು ಗಂಟೆ ಲೈಬ್ರರಿ ತೆರೆದಿರಬೇಕು ಅಂತ ಮಕ್ಕಳೇ ಒಂದು ವಿಧೇಯಕ, ಅಂದರೆ ಕಾನೂನಿನ ಕರಡು, ಬರೆದುಕೊಂಡು ಬಂದರು. ಟಿವಿಯಲ್ಲಿ ನೋಡಿದ ಹಾಗೆ ಕೆಲವು ಹುಡುಗರು ಬೆಂಚು ಗುದ್ದಿ ಗಲಾಟೆ ಎಬ್ಬಿಸಿದರು. ಸಭಾಧ್ಯಕ್ಷಳಾಗಿದ್ದ ಹುಡುಗಿ ಎದ್ದು ನಿಂತು ಸದನವನ್ನು ಹತ್ತು ನಿಮಿಷ ಮುಂದೂಡಿದಳು. ಮತ್ತೆ ಸೇರಿದಾಗ ಒಬ್ಬ ಹುಡುಗ ಎದುರಿನವನಿಗೆ "ಲೇ, ಕೂತ್ಕೊಳೋ" ಅಂದ. "ಆ ಮಾತನ್ನು ಕಡತದಿಂದ ತೆಗೆಯಿರಿ" ಅಂದಳು. ಬರೆದುಕೊಳ್ಳುತ್ತಿದ್ದ ಹುಡುಗ ಸ್ಕೇಲ್ ಇಟ್ಟು ಆ ಸಾಲನ್ನು ನೀಟಾಗಿ ಹೊಡೆದು ಹಾಕಿದ. ಆಮೇಲೆ ಯಾರೂ ಏಕವಚನದಲ್ಲಿ ಮಾತಾಡಲಿಲ್ಲ. ನಾವು ಶಿಕ್ಷಕರು ಹಿಂದೆ ನಿಂತು ನೋಡುತ್ತಿದ್ದೆವು, ಒಂದು ಮಾತೂ ಆಡಬೇಕಾಗಿ ಬರಲಿಲ್ಲ.

ವಿಧೇಯಕ ಪಾಸಾಗಿ "ರಾಜ್ಯಪಾಲ"ರ ಹತ್ತಿರ ಹೋಯಿತು. ಆ ಹುಡುಗ ಅದನ್ನು ಸಹಿ ಹಾಕದೆ ವಾಪಸ್ ಕಳಿಸಿದ, ಲೈಬ್ರರಿಯಲ್ಲಿ ಯಾರು ಇರುತ್ತಾರೆ ಅಂತ ಬರೆದಿಲ್ಲ ಅನ್ನುವ ಕಾರಣ ಕೊಟ್ಟು. ಸದನ ಮತ್ತೆ ಚರ್ಚೆ ಮಾಡಿ, ಒಂದು ಸಾಲು ಸೇರಿಸಿ, ಎರಡನೇ ಸಲ ಪಾಸ್ ಮಾಡಿತು. ಆಗ ಅವನು ಸಹಿ ಹಾಕಲೇಬೇಕಾಯಿತು. ಅವನ ತಂದೆಗೆ ಇದರಿಂದ ನೋವಾಗಿದೆ, ಎಲ್ಲರೂ ಸೇರಿ ನಮ್ಮ ಹುಡುಗನನ್ನು ಸೋಲಿಸಿದರು ಅಂತ. ಸರ್, ಅವನು ಸೋಲಲಿಲ್ಲ. ಸಂವಿಧಾನದ 200ನೇ ವಿಧಿ ಹೇಳುವುದೇ ಇದನ್ನು. ರಾಜ್ಯಪಾಲರು ವಿಧೇಯಕವನ್ನು ಮರುಪರಿಶೀಲನೆಗೆ ಕಳಿಸಬಹುದು. ಸದನ ಅದನ್ನೇ ಆಗಲಿ, ತಿದ್ದಿ ಆಗಲಿ ಮತ್ತೆ ಪಾಸ್ ಮಾಡಿ ಕಳಿಸಿದರೆ ಒಪ್ಪಿಗೆ ತಡೆಹಿಡಿಯುವ ಹಾಗಿಲ್ಲ. ಅವನು ವಾಪಸ್ ಕಳಿಸಿದ್ದರಿಂದಲೇ ವಿಧೇಯಕ ಸರಿಯಾಯಿತು. ಸೋಮವಾರ ಬೆಳಗ್ಗೆ ನನ್ನ ಕೋಣೆಗೆ ಬಂದು ಏನು ಕೇಳಿದ ಗೊತ್ತಾ? "ಮೇಡಂ, ಅದು ಧನ ವಿಧೇಯಕ ಆಗಿದ್ದರೆ ವಾಪಸ್ ಕಳಿಸೋಕೂ ಆಗ್ತಿರಲಿಲ್ಲ ಅಲ್ವಾ?" ಹೌದು, ತೆರಿಗೆ, ಸರ್ಕಾರಿ ಖರ್ಚಿನಂಥ ಹಣದ ವಿಷಯ ಮಾತ್ರ ಇರುವ ವಿಧೇಯಕ ಅದು, ವಾಪಸ್ ಕಳಿಸಲು ಆಗುತ್ತಿರಲಿಲ್ಲ. ಪುಸ್ತಕ ಉರು ಹೊಡೆದ ಮಗು ಈ ಪ್ರಶ್ನೆ ಕೇಳುವುದಿಲ್ಲ.

ಪಾಠದಲ್ಲಿ ಬೊಮ್ಮಾಯಿ ಪ್ರಕರಣ ಹೇಳಿದ್ದಕ್ಕೂ ಆಕ್ಷೇಪ ಬಂದಿದೆ, ರಾಜಕಾರಣಿ ಹೆಸರು ಯಾಕೆ ತೆಗೆದಿರಿ ಅಂತ. 1989ರಲ್ಲಿ ಆಗಿನ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು ವಜಾ ಮಾಡಿದಾಗ, ಸದನದಲ್ಲಿ ಬಹುಮತ ತೋರಿಸಲು ಅವರಿಗೆ ಅವಕಾಶ ಕೊಟ್ಟಿರಲಿಲ್ಲ. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದ ಒಳಗೇ ತೀರ್ಮಾನ ಆಗಬೇಕು ಅಂತ ಹೇಳಿತು. ಇವತ್ತು ಯಾವ ರಾಜ್ಯದಲ್ಲಿ ಸರ್ಕಾರ ಅಲುಗಾಡಿದರೂ ನಮ್ಮ ರಾಜ್ಯದ ಈ ಪ್ರಕರಣದ ಹೆಸರು ಬರುತ್ತದೆ. ಇದನ್ನು ಬಿಟ್ಟು ರಾಷ್ಟ್ರಪತಿ ಆಳ್ವಿಕೆಯ 356ನೇ ವಿಧಿ ಕಲಿಸುವುದು ಹೇಗೆ? ಇದು ಯಾವ ಪಕ್ಷದ ಪ್ರಚಾರವೂ ಅಲ್ಲ. ಇನ್ನೊಮ್ಮೆ ಹೇಳುತ್ತೇನೆ, ಅಲ್ಲ.

ಎಷ್ಟೋ ಜನ ಪೋಷಕರು ದೊಡ್ಡ ಮಕ್ಕಳ ಸೀಟಿಗಾಗಿ 371 ಜೆ ಸರ್ಟಿಫಿಕೇಟ್ ಮಾಡಿಸಲು ಓಡಾಡಿದ್ದೀರಿ. ಆ ಬಿಸಿಲಲ್ಲಿ ಕ್ಯೂ ನಿಂತದ್ದು ಸಂವಿಧಾನದ ಒಂದು ವಿಧಿಗಾಗಿ. ನಮ್ಮ ರಾಜ್ಯಕ್ಕೆ ಬೇರೆ ಸಂವಿಧಾನ ಇಲ್ಲ. ರಾಜ್ಯ ಸರ್ಕಾರ ಹೇಗಿರಬೇಕು ಅನ್ನುವುದು ದೇಶದ ಸಂವಿಧಾನದ ಆರನೇ ಭಾಗದಲ್ಲಿದೆ. ಆದರೆ ನಮ್ಮ ಕಲ್ಯಾಣ ಕರ್ನಾಟಕಕ್ಕೆ ಅಂತಲೇ 2012ರಲ್ಲಿ 98ನೇ ತಿದ್ದುಪಡಿ ತಂದು 371 ಜೆ ಸೇರಿಸಿದರು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳಿಗೆ ಅದು ಅನ್ವಯ. ಪ್ರದೇಶಾಭಿವೃದ್ಧಿ ಮಂಡಳಿ ಬಂದದ್ದು, ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲು ಸಿಕ್ಕಿದ್ದು ಅದರಿಂದಲೇ. ಆ ಮಂಡಳಿ ಏನು ಕೆಲಸ ಮಾಡಿತು ಅಂತ ಪ್ರತಿ ವರ್ಷ ವಿಧಾನಸಭೆಯ ಮುಂದೆ ವರದಿ ಇಡಬೇಕು ಅಂತಲೂ ಅದೇ ವಿಧಿಯಲ್ಲಿದೆ. ಸರ್ಟಿಫಿಕೇಟ್ ಮಾತ್ರ ಗೊತ್ತಿದ್ದು, ವರದಿ ಕೇಳಬಹುದು ಅನ್ನುವುದು ಗೊತ್ತಿಲ್ಲದಿದ್ದರೆ ಅರ್ಧ ಮಾತ್ರ ಸಿಕ್ಕ ಹಾಗೆ. ಪೂರ್ತಿ ಗೊತ್ತಿರಲಿ ಅಂತ ನನ್ನ ಆಸೆ, ಹಟ ಅಂದರೂ ಸರಿ.

ನಿಮ್ಮಲ್ಲೇ ಪಂಚಾಯಿತಿ ಸದಸ್ಯರಿದ್ದೀರಿ. ರಾಜ್ಯದ ಮೇಲ್ಮನೆಯಾದ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25ಕ್ಕೆ ಓಟು ಹಾಕುವವರು ನಿಮ್ಮಂಥವರೇ. ಏಳು ಸ್ಥಾನಕ್ಕೆ ನಮ್ಮ ಹೈಸ್ಕೂಲ್ ಶಿಕ್ಷಕರೂ ಸೇರಿ ಓಟು ಹಾಕುತ್ತೇವೆ. ಇದನ್ನೆಲ್ಲ ಮಕ್ಕಳು ಮನೆಯಲ್ಲಿ ಕೇಳಿದರೆ ದಯವಿಟ್ಟು ಗದರಬೇಡಿ, ಗೊತ್ತಿದ್ದಷ್ಟು ಹೇಳಿ.

ಅಂಕಗಳ ಚಿಂತೆ ಇರುವವರಿಗೆ ಒಂದು ಮಾತು. ಗಣಿತ, ವಿಜ್ಞಾನದ ಒಂದು ಪೀರಿಯಡ್ ಕೂಡ ಇದಕ್ಕೆ ಹೋಗಿಲ್ಲ. ಶನಿವಾರದ ಸಮಾಜ ವಿಜ್ಞಾನದ ಪೀರಿಯಡ್ ಮತ್ತು ಶಾಲೆ ಬಿಟ್ಟ ಮೇಲೆ ಒಂದು ಗಂಟೆ, ಅಷ್ಟೇ. ದೂರದ ಹಳ್ಳಿಯಿಂದ ಬರುವ ಮಕ್ಕಳ ಬಸ್ಸು ತಪ್ಪುತ್ತದೆ ಅಂತ ಕೆಲವರು ಹೇಳಿದಿರಿ, ಅದು ನ್ಯಾಯವಾದ ಮಾತು. ಆ ಮಕ್ಕಳ ಪ್ರಶ್ನೆಗಳನ್ನು ಮೊದಲೇ ತೆಗೆದುಕೊಂಡು, ಬಸ್ಸಿನ ಹೊತ್ತಿಗೆ ಬಿಟ್ಟುಬಿಡುತ್ತೇವೆ. ಮಗುವಿಗೆ ವೇದಿಕೆ ಭಯ ಇದ್ದರೆ ಬರೆದು ಕಳಿಸಿ, ಕಡತ ಬರೆಯುವ ಕೆಲಸ ಕೊಡುತ್ತೇವೆ. ಒತ್ತಾಯದಿಂದ ಯಾರನ್ನೂ ಮಾತಾಡಿಸುವುದಿಲ್ಲ. ಆದರೆ ಪಾಠವೇ ಬೇಡ ಅಂದರೆ ಒಪ್ಪಲು ಆಗುವುದಿಲ್ಲ. ಈ ಮಕ್ಕಳಿಗೆ ಇನ್ನು ನಾಲ್ಕೈದು ವರ್ಷಕ್ಕೆ ಓಟು ಬರುತ್ತದೆ.

ಇದರ ಜೊತೆ ಇರುವ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಗುರುವಾರದೊಳಗೆ ಕಳಿಸಿ.

ಈ ಶನಿವಾರ ಬೆಳಗಿನ ಶಾಲೆ ಮುಗಿದ ಕೂಡಲೇ ಎರಡನೇ ಅಧಿವೇಶನ. ಸಂಜೆ ಬಸ್ಸಿನ ಸಮಯದ ಬಗ್ಗೆ ಹುಡುಗಿಯರು "ಸಾರಿಗೆ ಸಚಿವ"ರನ್ನು ಪ್ರಶ್ನೆ ಕೇಳುತ್ತಾರೆ. ಬಿಡುವಿದ್ದವರು ಬನ್ನಿ, ಹಿಂದಿನ ಎರಡು ಸಾಲು ನಿಮಗೆ. ಸದನ ನಡೆಯುವಾಗ ಗ್ಯಾಲರಿಯಲ್ಲಿ ಮಾತಾಡುವ ಹಾಗಿಲ್ಲ. ಮುಗಿದ ಮೇಲೆ ಚಹಾ ಇರುತ್ತದೆ, ನಾನೂ ಇರುತ್ತೇನೆ, ಸಮಾಜ ವಿಜ್ಞಾನದ ಸರ್ ಕೂಡ ಇರುತ್ತಾರೆ. ಎಷ್ಟು ಹೊತ್ತು ಬೇಕಾದರೂ ಮಾತಾಡೋಣ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ